ಬೀದಿನಾಯಿಗಳಿಗೆ ಊಟ ಹಾಕುವ ಜಾಗ: ಭಾನುವಾರದ ಸಭೆಗೆ ಮುನ್ನ

ಕಾರ್ಯದರ್ಶಿ, ನಿವಾಸಿಗಳ ಸಂಘ:
ಎಲ್ಲರಿಗೂ ನಮಸ್ಕಾರ. ಪಾರ್ಕಿನ ಗೇಟಿನ ಬಳಿ ಬೀದಿನಾಯಿಗಳಿಗೆ ಊಟ ಹಾಕುವ ವಿಚಾರಕ್ಕೆ ಮೂರು ದಿನಗಳಿಂದ ಈ ಗುಂಪಿನಲ್ಲಿ ಜಗಳ ನಡೆದಿದೆ; ಅದರಲ್ಲಿ ನಾಯಿಗಳಿಗಿಂತ ಪರಸ್ಪರರ ಸಂಸ್ಕಾರದ ಮಾತೇ ಹೆಚ್ಚಾಗಿದೆ. ಒಬ್ಬರು "ಮನುಷ್ಯತ್ವ ಇಲ್ಲದವರು" ಎಂದೂ ಇನ್ನೊಬ್ಬರು "ಅಷ್ಟು ಪ್ರೀತಿಯಿದ್ದರೆ ನಿಮ್ಮ ಮನೆಯಲ್ಲೇ ಕಟ್ಟಿಕೊಳ್ಳಿ" ಎಂದೂ ಬರೆದ ಮೇಲೆ, ವರ್ಷಗಟ್ಟಲೆ ಒಟ್ಟಿಗೆ ವಾಕಿಂಗ್ ಹೋಗುತ್ತಿದ್ದವರು ಮುಖ ತಪ್ಪಿಸಿಕೊಂಡು ಓಡಾಡುತ್ತಿದ್ದಾರೆ. ಇದರಿಂದ ನನಗೆ ತುಂಬಾ ಬೇಸರವಾಗಿದೆ.

ನಿನ್ನೆ ಸಂಜೆ ಪಾರ್ಕಿನ ಗೇಟಿನ ಬಳಿ ನಿಂತು ನೋಡಿದೆ. ಸ್ಕೂಲ್ ವ್ಯಾನಿನಿಂದ ಇಳಿದ ಹುಡುಗನೊಬ್ಬ ಬ್ಯಾಗನ್ನು ಎದೆಗೆ ಅವುಚಿಕೊಂಡು, ನಾಯಿಗಳು ಅನ್ನ ತಿಂದು ಮುಗಿಸುವವರೆಗೂ ಕದಲದೆ ನಿಂತಿದ್ದ. ಊಟ ಹಾಕುವ ಮೇಡಂ ಪ್ರತಿ ನಾಯಿಯ ಕಿವಿಯ ತುದಿಯನ್ನು ತೋರಿಸಿ, ಅಲ್ಲಿ ಕತ್ತರಿಸಿರುವುದು ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರುವ ಗುರುತೆಂದೂ, ಗುರುತಿಲ್ಲದ ಕಂದು ಹೆಣ್ಣುನಾಯಿಯೊಂದು ಅನ್ನದ ಆಸೆಗೆ ಹತ್ತಿರ ಬಂದರಷ್ಟೇ ಅದನ್ನು ಹಿಡಿಸಲು ಸಾಧ್ಯವೆಂದೂ ವಿವರಿಸಿದರು. ಊಟ ಹಾಕುವವರು, ಬೇಡವೆನ್ನುವವರು ಇಬ್ಬರ ಮಾತಿನಲ್ಲೂ ನಿಜವಿದೆ.

2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಊಟದ ಜಾಗವು ಮಕ್ಕಳು ಆಡುವ ಸ್ಥಳ, ಮೆಟ್ಟಿಲು, ಪ್ರವೇಶದ್ವಾರಗಳಿಂದ ದೂರವಿರಬೇಕು. ಮಕ್ಕಳ ಮತ್ತು ಹಿರಿಯರ ಓಡಾಟ ನೋಡಿ ಸಮಯ ಗೊತ್ತುಮಾಡಬೇಕು. ನಿಗದಿತ ಜಾಗದಲ್ಲಿ ಮಾತ್ರ ಊಟ ಹಾಕಬೇಕೆಂದು ಸುಪ್ರೀಂ ಕೋರ್ಟ್ ಕೂಡ 2025ರ ಆಗಸ್ಟ್ 22ರಂದು ಹೇಳಿದೆ. ಆದ್ದರಿಂದ ಭಾನುವಾರ ಜಾಗ ಮತ್ತು ಸಮಯ ಎರಡನ್ನೇ ಚರ್ಚಿಸೋಣ. ಮಾತಾಡುವವರು ಮೊದಲು ಎದುರಿನವರ ಆತಂಕವನ್ನು, ಅವರೇ ಒಪ್ಪುವಂತೆ, ಒಂದು ವಾಕ್ಯದಲ್ಲಿ ಹೇಳಿ ನಂತರ ತಮ್ಮ ಆಕ್ಷೇಪಕ್ಕೆ ಬರಬೇಕೆಂದು ವಿನಂತಿ. ಪಂಪ್‌ಹೌಸ್ ಹಿಂದಿನ ಖಾಲಿ ಜಾಗ, ರಾತ್ರಿ ಎಂಟೂವರೆ ಎಂಬುದು ನನ್ನ ಸಲಹೆ.

4ನೇ ಅಡ್ಡರಸ್ತೆಯ ನಿವಾಸಿ:
ಗೇಟಿನ ಬಳಿ ನಿಂತಿದ್ದ ಹುಡುಗ ನನ್ನ ಮಗ. "ಕಟ್ಟಿಕೊಳ್ಳಿ" ಎಂದು ಬರೆದದ್ದು ನಾನೇ. ಆ ಮಾತಿಗೆ ಮೇಡಂ ಅವರಲ್ಲಿ ಕ್ಷಮೆ ಕೇಳುತ್ತೇನೆ. ಗೇಟಿನ ಬಳಿ ಊಟ ಹಾಕಬಾರದೆಂಬ ನನ್ನ ಆಕ್ಷೇಪ ಮಾತ್ರ ಹಾಗೆಯೇ ಇದೆ. ಶಸ್ತ್ರಚಿಕಿತ್ಸೆ ನಿಲ್ಲಬಾರದೆಂಬ ಅವರ ಕಾಳಜಿ ನನಗೆ ಈಗ ಅರ್ಥವಾಗಿದೆ.

2ನೇ ಅಡ್ಡರಸ್ತೆಯ ನಿವಾಸಿ:
ಮಗು ಹೆದರಿ ನಿಂತದ್ದನ್ನು ನಾನು ಗಮನಿಸಲಿಲ್ಲ, ಸರ್. ಅದು ನನ್ನ ತಪ್ಪು. ಗೇಟಿನ ಜಾಗ ಬಿಡಲು ಒಪ್ಪಿಗೆಯಿದೆ. ಆದರೆ ಪಂಪ್‌ಹೌಸ್ ಹಿಂದೆ ದೀಪವಿಲ್ಲ, ಎಂಟೂವರೆಗೆ ಒಬ್ಬಳೇ ಅಲ್ಲಿಗೆ ಹೋಗಲು ನನಗೆ ಧೈರ್ಯ ಸಾಲದು. ಬೆಳಿಗ್ಗೆ ಐದೂವರೆ ಆಗಬಹುದೇ?

4ನೇ ಅಡ್ಡರಸ್ತೆಯ ನಿವಾಸಿ:
ಆ ಹೊತ್ತಿಗೆ ಹಾಲು, ಪೇಪರ್ ಹಾಕುವ ಹುಡುಗರು ಅದೇ ದಾರಿಯಲ್ಲಿ ಬರುತ್ತಾರೆ. ದೀಪಕ್ಕೆ ಸಂಘ ಅರ್ಜಿ ಕೊಡಲಿ. ಅದು ಬರುವವರೆಗೆ ರಾತ್ರಿ ನಾನು ಟಾರ್ಚ್ ಹಿಡಿದು ಜೊತೆಗೆ ಬರುತ್ತೇನೆ.