ಅಪ್‌ಡೇಟ್: ದೋಹಾದ ಲೌಂಜ್‌ನಲ್ಲಿ ಅವ್ವನ ಊಟ

ಧಾರವಾಡದಿಂದ ಅವ್ವನನ್ನು ಕರೆದುಕೊಂಡು ಲಂಡನ್ನಿಗೆ ಹೊರಟಿದ್ದೇನೆ, ನಡುವೆ ದೋಹಾ ವಿಮಾನ ನಿಲ್ದಾಣದಲ್ಲಿ ಕತಾರ್ ಏರ್‌ವೇಸ್‌ನ ಬಿಸಿನೆಸ್ ಕ್ಲಾಸ್ ಪ್ರಯಾಣಿಕರು ಕಾಯುವ ಅಲ್ ಮುರ್ಜಾನ್ ಲೌಂಜ್‌ಗೆ ಪ್ರವೇಶ ಸಿಗುವುದೇ, ಅಪ್ಪಟ ಸಸ್ಯಾಹಾರಿಗೆ ಅಲ್ಲಿ ಏನಾದರೂ ಇರುವುದೇ ಎಂದು ಕೇಳಿದ್ದೆ. ಎರಡಕ್ಕೂ ಹೌದು.

ಎಲ್ಲ ನಿಂತಿರುವುದು ಟಿಕೆಟ್ಟಿನ ದರದ ಮೇಲೆ. ಕತಾರ್ ಏರ್‌ವೇಸ್‌ನ ಬಿಸಿನೆಸ್ ಕ್ಲಾಸ್‌ನಲ್ಲೂ ಅಗ್ಗದ ‘ಲೈಟ್’ ದರಕ್ಕೆ ಲೌಂಜ್ ಸೇರಿಲ್ಲ. ನಮ್ಮದು ಅದಕ್ಕಿಂತ ಮೇಲಿನದು. ಬೋರ್ಡಿಂಗ್ ಪಾಸ್ ನೋಡಿ ಒಳಗೆ ಬಿಟ್ಟರು.

ಹಮ್ಮಸ್ (ಕಡಲೆಕಾಳು ರುಬ್ಬಿದ್ದು), ಲಬ್ನೆ (ನೀರು ಬಸಿದ ಗಟ್ಟಿ ಮೊಸರು), ಬಿಸಿ ಅರಬ್ ರೊಟ್ಟಿ, ಬೇಳೆಯ ಸೂಪ್. ಅವ್ವ ಪ್ರತಿ ಪಾತ್ರೆಯ ಮುಂದಿನ ಚೀಟಿಯನ್ನು ನನ್ನಿಂದ ಓದಿಸಿಕೊಂಡಳು. ಆಮೇಲೆ ಕೈಚೀಲದಿಂದ ಶೇಂಗಾ ಚಟ್ನಿಪುಡಿ ತೆಗೆದು ಹಮ್ಮಸ್ ಮೇಲೆ ಧಾರಾಳವಾಗಿ ಉದುರಿಸಿ, ‘ಈಗ ಬಾಯಿಗೆ ರುಚಿ ಹತ್ತಿತು’ ಎಂದಳು. ಬೆರಗಾಗಿ ನೋಡುತ್ತಿದ್ದ ಪರಿಚಾರಕನಿಗೂ ಒಂದು ಚಮಚ ಸಿಕ್ಕಿತು. ಪಾಪ, ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತಲೇ ನಕ್ಕ.

ಸ್ನಾನದ ಕೋಣೆಯೂ ಇದೆ. ಹೋದ ಕೂಡಲೇ ವಿಚಾರಿಸಿ. ಒಳಗಿನ ಕೊಳ, ಸೋಫಾಗಳಿಗಿಂತ ಅವ್ವನಿಗೆ ಹಿಡಿಸಿದ್ದು ಹೊರಗೆ ನಿಲ್ದಾಣದ ಹಜಾರದಲ್ಲಿರುವ ಸುಮಾರು 7 ಮೀಟರ್ ಎತ್ತರದ ಹಳದಿ ಕರಡಿ ಶಿಲ್ಪ. ಬರೀ ಲೌಂಜ್‌ಗಾಗಿ ಹೆಚ್ಚಿನ ದರ ತೆರಬೇಕೇ? ಐದಾರು ಗಂಟೆ ಕಾಯುವುದಿದ್ದರೆ ಮಾತ್ರ.