ಮೆಥನಾಲ್ ಡ್ರಮ್ಮಿಗೆ ಕನ್ನಡದಲ್ಲಿ ಏನು ಬರೆಯೋದು? ನಾಳೆಯೇ ಬೇಕು

ಎಲ್ಲರಿಗೂ ನಮಸ್ಕಾರ.

ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದ ಒಂದು ಔಷಧ ಕಾರ್ಖಾನೆಗೆ ಎಚ್ಚರಿಕೆ ಬೋರ್ಡು ಬರೆದುಕೊಡಬೇಕು. ನಾಳೆ ಬೆಳಿಗ್ಗೆ ಪೇಂಟರ್ ಬರ್ತಾನೆ. ಅಲ್ಲಿ ಮೆಥನಾಲನ್ನು ದ್ರಾವಕವಾಗಿ ಬಳಸುತ್ತಾರೆ. ಕೆಲಸಗಾರರ ಬಾಯಲ್ಲಿ ಅದು ಬರೀ 'ಸ್ಪಿರಿಟ್'. ಆಫೀಸಿನವರು ಕೊಟ್ಟ ಕರಡಿನಲ್ಲಿ 'ಮೀಥೈಲ್ ಮದ್ಯಸಾರ' ಅಂತಿದೆ. ಪದ ತಪ್ಪಲ್ಲ. ಆದರೆ ಓದುವವರ ಕಣ್ಣು ಮೊದಲು ಬೀಳೋದು 'ಮದ್ಯ'ದ ಮೇಲೆ. ಬೇರೆ ಪದ ಇದೆಯಾ?

----

> ಬೇರೆ ಪದ ಇದೆಯಾ?

ಇದೆ. 'ಮರಗಳ್ಳು'.

'ಮೀಥೈಲ್' ಹುಟ್ಟಿದ್ದೇ ಗ್ರೀಕಿನ ಎರಡು ಪದಗಳಿಂದ. ಮೆಥು ಅಂದರೆ ಹೆಂಡ, ಹುಲೆ ಅಂದರೆ ಕಟ್ಟಿಗೆ. 1830ರ ದಶಕದಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿಗಳಾದ ದ್ಯುಮಾ ಮತ್ತು ಪೆಲಿಗೊ ಇವನ್ನು ಜೋಡಿಸಿದರು. ಆಗೆಲ್ಲ ಕಟ್ಟಿಗೆಯನ್ನು ಗಾಳಿ ಸೋಕದಂತೆ ಕಾಯಿಸಿ ಇದನ್ನು ಇಳಿಸುತ್ತಿದ್ದರು. ಗ್ರೀಕಿನ ಮೆಥು, ಸಂಸ್ಕೃತದ ಮಧು ಒಂದೇ ಬೇರಿನವು. ಅವರು ಗ್ರೀಕಿನ ಬೇರು ಹಿಡಿದು ಪದ ಕಟ್ಟಿದರು, ನಾವು ನಮ್ಮ ನುಡಿಯ ಬೇರು ಹಿಡಿದು ಕಟ್ಟೋಣ. 'ಮದ್ಯಸಾರ' ಸಂಸ್ಕೃತದ ಹೊರೆ, ಬೇಡ.

----

> ಇದೆ. 'ಮರಗಳ್ಳು'.

ಬೇಡವೇ ಬೇಡ ಸರ್. ನಾನು ಯಾದಗಿರಿಯವನು, ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುತ್ತೇನೆ. ನಮ್ಮ ಕಡೆ ಮರದಿಂದ ಇಳಿಸಿದ ಕಳ್ಳು ಅಂದರೆ ಸೇಂದಿ. ಅದನ್ನು ಕುಡಿಯುತ್ತಾರೆ. ಈ ಪದ ಬರೆದರೆ ವಿಷದ ಡ್ರಮ್ಮಿನ ಮೇಲೆ ಕುಡಿಯೋ ವಸ್ತುವಿನ ಹೆಸರು ಬರೆದ ಹಾಗೆ. 'ಮದ್ಯಸಾರ'ಕ್ಕೂ ಇದೇ ಮಾತು.

ಮೆಥನಾಲಿಗೆ ಬಣ್ಣ ಇಲ್ಲ. ನೀರಿನಲ್ಲಿ ಪೂರ್ತಿ ಬೆರೆಯುತ್ತದೆ. ವಾಸನೆಯೂ ಕುಡಿಯುವ ಆಲ್ಕೋಹಾಲಿನದಕ್ಕೆ ಹತ್ತಿರ. ಕುಡಿದ ಕೂಡಲೇ ಅಮಲು ಬರುತ್ತದೆ, ಅಷ್ಟೇ. ಸುಮಾರು 12ರಿಂದ 24 ಗಂಟೆ ಕಳೆದ ಮೇಲೆ ವಾಂತಿ, ಹೊಟ್ಟೆನೋವು, ಕಣ್ಣು ಮಂಜು. ಅಷ್ಟು ಹೊತ್ತಿಗೆ ಯಕೃತ್ತು ಅದನ್ನು ಮೊದಲು ಫಾರ್ಮಾಲ್ಡಿಹೈಡ್, ಆಮೇಲೆ ಫಾರ್ಮಿಕ್ ಆಮ್ಲ ಮಾಡಿರುತ್ತದೆ. ಆ ಆಮ್ಲವೇ ಕಣ್ಣಿನ ನರವನ್ನು ತಿನ್ನೋದು. 10 ಮಿಲಿಲೀಟರಿಗೇ ಕಣ್ಣು ಹೋಗಬಹುದು. 30 ಮಿಲಿಲೀಟರಿಗೆ ಜೀವ ಹೋದದ್ದಿದೆ. 2024ರ ಜೂನಿನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ ಮೆಥನಾಲ್ ಬೆರೆತ ಕಳ್ಳಬಟ್ಟಿ ಕುಡಿದು 60ಕ್ಕೂ ಜಾಸ್ತಿ ಜನ ಸತ್ತರು. 'ಸ್ಪಿರಿಟ್ ತಾನೇ' ಅಂತ ಡ್ರಮ್ಮಿನಿಂದ ಒಂದು ಬಾಟಲಿ ತುಂಬಿಸಿಕೊಂಡು ಹೋಗುವವನನ್ನು ನಿಮ್ಮ ಬೋರ್ಡು ತಡೆಯಬೇಕು. ಅವನಿಗೆ ಗ್ರೀಕು ಬೇಡ.

ಹೀಗೆ ಬರೆಯಿರಿ:

ಮೆಥನಾಲ್ – ವಿಷ
ಕುಡಿದರೆ ಕಣ್ಣು ಹೋಗುತ್ತದೆ, ಜೀವ ಹೋಗುತ್ತದೆ
ಬೀಡಿ, ಬೆಂಕಿ ಹತ್ತಿರ ತರಬೇಡಿ
ಬರಿಗೈಯಲ್ಲಿ ಮುಟ್ಟಬೇಡಿ

ಕೊನೆಯ ಸಾಲು ಬಿಡಬೇಡಿ. ಚರ್ಮದ ಮೂಲಕವೂ ಇದು ಮೈಗೆ ಇಳಿಯುತ್ತದೆ.

----

> ಅವನಿಗೆ ಗ್ರೀಕು ಬೇಡ.

'ಮೆಥನಾಲ್' ಯಾವ ಊರಿನ ಪದ ಹಾಗಾದರೆ? ಎಲ್ಲದಕ್ಕೂ ಹೊರಗಿನ ಪದ ತಂದರೆ ಕನ್ನಡದಲ್ಲಿ ವಿಜ್ಞಾನ ಬೆಳೆಯೋದು ಯಾವಾಗ? ಬಳಸದ ಪದ ಬಾಯಿಗೆ ಹತ್ತೋದಿಲ್ಲ. ಕಳ್ಳು ಬೇಡವಾದರೆ 'ಮರನಂಜು' ಅನ್ನಿ. ಇದರಲ್ಲಿ ವಿಷವೂ ಬಂತು.

----

ಕಲಬುರಗಿಯಿಂದ ಬರೆಯುತ್ತಿದ್ದೇನೆ. 'ಮರನಂಜು' ಮೊದಲಿನದಕ್ಕಿಂತ ವಾಸಿ, ಆದರೂ ಬೋರ್ಡಿಗೆ ಆಗೋದಿಲ್ಲ. ನಂಜು ಅಂದರೆ ಗಾಯ ಕೀವಾಗೋದು ಅಂತಲೇ ಹೆಚ್ಚು ಜನ ತಿಳಿಯುತ್ತಾರೆ. ಪಠ್ಯಪುಸ್ತಕ ಬರೆಯುವಾಗ ಈ ಪದ ಎತ್ತಿ, ನಾನೂ ಜೊತೆಗಿರ್ತೀನಿ.

ಹೊರಗಿನ ಪದ ಅಂತ ಸಿಟ್ಟೇಕೆ? ನಾವು ದವಾಖಾನೆ ಅಂತೀವಿ, ನೀವು ಆಸ್ಪತ್ರೆ ಅಂತೀರಿ. ಎರಡೂ ಹೊರಗಿಂದ ಬಂದವು. ಇಂಗ್ಲಿಷಿನವರ 'ಆಲ್ಕೋಹಾಲ್' ಕೂಡ ಅರಬ್ಬಿಯ ಅಲ್-ಕುಹ್ಲ್, ನಮ್ಮ ಅಂಗಡಿಗಳಲ್ಲಿ ಮಾರೋ ಸುರ್ಮಾ. ಮೊದಲು ಕಣ್ಣಿಗೆ ಹಚ್ಚುವ ನುಣ್ಣನೆಯ ಪುಡಿಗಿದ್ದ ಹೆಸರು, ಆಮೇಲೆ ಬಟ್ಟಿ ಇಳಿಸಿದ ಸಾರಕ್ಕೆ ಹತ್ತಿತು.

ಡ್ರಮ್ಮಿನ ಮೇಲೆ, ಟ್ಯಾಂಕರ್ ಕಾಗದದಲ್ಲಿ ಇರೋದು 'ಮೆಥನಾಲ್'. ಯಾರಾದರೂ ಕುಡಿದರೆ ಡಾಕ್ಟರಿಗೆ ಹೇಳಬೇಕಾದ್ದೂ ಅದೇ ಹೆಸರು. ಸರಿಯಾಗಿ ಹೇಳಿದರೆ ಅವರು ಬೇಗ ಪ್ರತಿವಿಷ ಕೊಡಬಹುದು, ಡಯಾಲಿಸಿಸ್‌ಗೆ ಹಾಕಬಹುದು. 'ಏನೋ ಸ್ಪಿರಿಟ್' ಅಂದರೆ ಹೊತ್ತು ಹೋಗುತ್ತದೆ.

ಬೀದರಿನವರೇ, ಇನ್ನೊಂದು ಸಾಲು ಸೇರಿಸಿ: 'ಇದರ ಬೆಂಕಿ ಹಗಲಲ್ಲಿ ಕಾಣುವುದಿಲ್ಲ'. ತಿಳಿನೀಲಿ ಉರಿ, ಬಿಸಿಲಲ್ಲಿ ಹತ್ತಿರ ಹೋಗಿ ನಿಂತರೂ ಗೊತ್ತಾಗೋದಿಲ್ಲ. ಓದು ಬಾರದವರಿಗೆ ತಲೆಬುರುಡೆ ಚಿತ್ರ ದೊಡ್ಡದಾಗಿ ಇರಲಿ. ಪಕ್ಕದಲ್ಲೇ ಹಿಂದಿ, ಉರ್ದುವಿನಲ್ಲೂ ಬರೆಸಿ.