ಸಹಾಯ ಬೇಕು: ಅಪ್ಪಯ್ಯನ ಮರೆವು, ನನ್ನ ಕ್ಯಾಮೆರಾ

ಎಲ್ಲರಿಗೂ ನಮಸ್ಕಾರ. ನಾವು ಮುಂಬೈ ಹತ್ತಿರದ ಡೊಂಬಿವಲಿಯವರು. ಅಪ್ಪಯ್ಯನಿಗೆ 81 ವರ್ಷ. ಮೂರು ವರ್ಷದ ಹಿಂದೆ ಅಲ್ಝೈಮರ್ ಅಂತ ಗೊತ್ತಾಯಿತು. ಆಗಿನಿಂದ ಅವರ ಮೇಲೆ ಡಾಕ್ಯುಮೆಂಟರಿ ಮಾಡುತ್ತಿದ್ದೇನೆ. 2020ರಲ್ಲಿ ಬಂದ 'ಡಿಕ್ ಜಾನ್ಸನ್ ಈಸ್ ಡೆಡ್' ಅನ್ನೋ ಡಾಕ್ಯುಮೆಂಟರಿ ನೋಡಿ ಧೈರ್ಯ ಬಂತು. ಅದರಲ್ಲಿ ಮಗಳು, ಮರೆವಿನ ಕಾಯಿಲೆಯ ಅಪ್ಪನ ಸಾವನ್ನು ಅವರನ್ನೇ ಜೊತೆಗಿಟ್ಟುಕೊಂಡು ಬೇರೆ ಬೇರೆ ರೀತಿ ಕಲ್ಪಿಸಿ ತೋರಿಸುತ್ತಾರೆ.

ಈ ಕಾಯಿಲೆಯಲ್ಲಿ ಹೊಸ ನೆನಪು ಮೊದಲು ಹೋಗುತ್ತದೆ, ಅಲ್ವಾ? ಅಪ್ಪಯ್ಯನಿಗೆ ಬೆಳಗಿನ ತಿಂಡಿ ನೆನಪಿಲ್ಲ. ಆದರೆ ಹದಿನಾಲ್ಕನೇ ವಯಸ್ಸಿಗೆ ಕುಂದಾಪುರದಿಂದ ಮುಂಬೈಗೆ ಬಂದದ್ದು, ಮಾಟುಂಗದ ಹೋಟೆಲಿನಲ್ಲಿ ಲೋಟ ತೊಳೆದದ್ದು, ರಾತ್ರಿ ಫೋರ್ಟ್‌ನ ಕನ್ನಡ ನೈಟ್ ಸ್ಕೂಲಿಗೆ ಓಡಿದ್ದು ಎಲ್ಲ ಹೇಳುತ್ತಾರೆ. ಸಂಜೆಯಾದರೆ ಗಲಿಬಿಲಿ ಜಾಸ್ತಿ. "ಮನಿಗ್ ಹೋಪ" ಅಂತ ಬಾಗಿಲ ಹತ್ತಿರ ನಿಲ್ಲುತ್ತಾರೆ. ಆಗ ಕ್ಯಾಮೆರಾ ಬದಿಗಿಟ್ಟು ಕೈ ಹಿಡಿದುಕೊಳ್ಳುತ್ತೇನೆ.

ಶುರುವಿನಲ್ಲಿ ಅವರೇ ಒಪ್ಪಿದ್ದರು. ಈಗ ಒಪ್ಪಿದ್ದೇ ನೆನಪಿಲ್ಲ. ಆ ಹಳೆಯ ಒಪ್ಪಿಗೆ ಸಾಕಾ? ಅವರು ಅಳುವ ದೃಶ್ಯ ಉಳಿಸಿಕೊಳ್ಳಲಾ? ನನಗಂತೂ ಮನಸ್ಸಾಗುತ್ತಿಲ್ಲ. ಹೆತ್ತವರನ್ನು ಹೀಗೆ ನೋಡಿಕೊಂಡವರು ದಯವಿಟ್ಟು ಹೇಳಿ.

ಆ ಕಾಲದ ನೈಟ್ ಸ್ಕೂಲುಗಳ ಫೋಟೋ ಇದ್ದರೆ ಕಳಿಸಿ. ಕುಂದಾಪ್ರ ಕನ್ನಡ ಕೇಳಿ ಬರೆದುಕೊಡುವವರೂ ಬೇಕು. ಆಗ ಅಲ್ಲಿ ಓದಿದ ಹಿರಿಯರು ಯಾರಾದರೂ ಇದ್ದರೆ, ಒಂದು ಬೆಳಿಗ್ಗೆ ಮನೆಗೆ ಬನ್ನಿ. ಸುಮ್ನೆ ಅವರ ಹತ್ತಿರ ಕೂತು ಮಾತಾಡಿ. ಬೆಳಿಗ್ಗೆ ಅವರು ಚೆನ್ನಾಗಿರುತ್ತಾರೆ.